ಎಂಟನೇ ಟ್ರಿಪ್ಪು

ಸಂಡೂರು, ಜೂನ್ ೧೨, ಗುರುವಾರ

ಕಣ್ಣು ಮುಚ್ಚಿದರೂ ಬಾಣಗಳೇ ಕಾಣುತ್ತಿವೆ. ಗಣಿಯ ಸುರಕ್ಷತೆ ನನ್ನ ಹೊಣೆ, ಈ ತಿಂಗಳು ಆಗಲೇ ಮೂರು ಅದಿರು ಲಾರಿಗಳು ಉರುಳಿವೆ. ಅದಕ್ಕೇ ಇವತ್ತು ಬೋರ್ಡಿನ ಮೇಲೆ ಕಾರಣಗಳನ್ನು ಬರೆದು ಒಂದರಿಂದ ಒಂದಕ್ಕೆ ಬಾಣ ಎಳೆಯುತ್ತಾ ಹೋದೆ. ಅಪಘಾತವಾದರೆ ರಸ್ತೆಗೆ ಉಬ್ಬು ಹಾಕಿಸುತ್ತೇವೆ. ಉಬ್ಬು ಹೆಚ್ಚಾದರೆ ಲಾರಿ ತಡವಾಗುತ್ತದೆ. ತಡವಾದವನು ಇಳಿಜಾರಿನಲ್ಲಿ ಜೋರು ಓಡಿಸುತ್ತಾನೆ. ಮತ್ತೆ ಅಪಘಾತ. ಬಾಣ ಸುತ್ತಿ ಬಂದು ಹೊರಟಲ್ಲಿಗೇ ಸೇರಿತು. ನನಗೆ ಹೆಮ್ಮೆಯೇ ಆಯಿತು.

ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಚಾಲಕ ಓಬಳೇಶ ನೋಡುತ್ತಾ ನಿಂತಿದ್ದ. "ಮೇಡಂ, ನಮಗ್ಯಾಕ ಇಷ್ಟು ಅವಸರ ಅನ್ನೋದು ಇದ್ರಾಗ ಇಲ್ಲಲ್ರಿ?" ಅಂದ.

"ಯಾಕೆ ಅವಸರ?"

"ದಿನಕ್ಕ ಎಂಟು ಟ್ರಿಪ್ ಆಗ್ಲೇಬೇಕಂತ ಮಾಡ್ಯಾರ. ಮೊದ್ಲು ಆರೇ ಇತ್ತು."

ಎಂಟು ಮಾಡಿದರೂ ಅಪಾಯವಿಲ್ಲ ಎಂದು ಸಹಿ ಹಾಕಿದವಳು ನಾನೇ. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ. ಬೋರ್ಡು ಒರೆಸಿಬಿಟ್ಟೆ.

ನಾಳೆ ಹತ್ತಕ್ಕೆ ಸಭೆ. ಟ್ರಿಪ್ಪು ಇಳಿಸಿ ಎನ್ನಬೇಕು, ತಪ್ಪು ನನ್ನದೆಂದೂ ಒಪ್ಪಿಕೊಳ್ಳಬೇಕು. ಹೇಳುತ್ತೇನೆ, ಖಂಡಿತ ಹೇಳುತ್ತೇನೆ.

ಆದರೆ ಮೊದಲ ಲಾರಿ ಆರು ಗಂಟೆಗೇ ಗುಡ್ಡ ಇಳಿಯುತ್ತದೆ.