ಸೆರಗಿನ ಕೆಳಗೆ ಹೇಳಿದ ಬೆಲೆ

ಅಮ್ಮಾ,

ಇವತ್ತು ಬಡವನಹಳ್ಳಿಯಲ್ಲಿ ಒಂದು ಮನೆಗೆ ಬೆಲೆ ಹೇಳಿ ಬಂದೆವು. ಎರಡು ಅಂಕಣದ ಮಣ್ಣಿನ ಮಾಳಿಗೆ ಮನೆ. ನೀನಿದ್ದಿದ್ದರೆ ಮೊದಲು ಒಲೆಯ ಮೂಲೆ ನೋಡುತ್ತಿದ್ದೆ. ಬಾಡಿಗೆ ಮನೆಗಳಲ್ಲಿ ಗೋಡೆಗೆ ಒಂದು ಗೂಟ ಹೊಡೆಯಲೂ ಹೆದರುತ್ತಿದ್ದೆಯಲ್ಲ.

ದನದ ವ್ಯಾಪಾರದ ಹಾಗೆ ಇಲ್ಲಿ ಮನೆಗೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದೇ ಬೆಲೆ ಹೇಳುತ್ತಾರೆ. ಒಂದು ಬೆರಳಿಗೆ ನೂರು ರೂಪಾಯಿ. ಮಾರುವವಳು ಓಬಕ್ಕ ಎಂಬ ಮುದುಕಿ. ಪರ ಹೆಂಗಸಿನ ಕೈಯನ್ನು ನಿನ್ನ ಅಳಿಯ ಹಿಡಿಯುವಂತಿಲ್ಲ, ಅದಕ್ಕೆ ನನ್ನನ್ನೇ ಮುಂದೆ ಕೂರಿಸಿದರು. "ಮೂರೇ ಬೆರಳು. ಅದರ ಮೇಲೆ ನಮ್ ಕೈಲಾಗಲ್ಲ" ಎಂದು ದಾರಿಯುದ್ದಕ್ಕೂ ಹೇಳಿದ್ದರು.

ಸೆರಗಿನ ಕೆಳಗೆ ಓಬಕ್ಕನ ಕೈ ಸಿಕ್ಕಿತು. ನಿನ್ನ ಕೈಯ ಹಾಗೇ ಒರಟಾಗಿ, ಬೆಚ್ಚಗಿತ್ತು. ನಿನ್ನನ್ನು ಕಡೆಯ ಸಲ ಕಂಡಾಗ ನೀನು ಪ್ಲೇಗಿನ ಗುಡಿಸಲ ಬೇಲಿಯಾಚೆ ಕೈ ಎತ್ತಿದ್ದೆ, ಕಾವಲಿನವರು ನಮ್ಮನ್ನು ಹತ್ತಿರ ಬಿಡಲಿಲ್ಲ. ನಾನು ಓಬಕ್ಕನ ಐದು ಬೆರಳನ್ನೂ ಹಿಡಿದುಬಿಟ್ಟೆ.

"ಅಯ್ಯೋ ನನ್ ತಾಯಿ, ಐನೂರಾ! ನಿನ್ ಗಂಡನ್ನೇ ಮಾರ್ಬೇಕಾಯ್ತದೆ ಕಣಮ್ಮ!" ಎಂದು ಅವಳು ನಕ್ಕಳು.

ನಿನ್ನ ಅಳಿಯನ ಮುಖ ಬಿಳಿಚಿಕೊಂಡಿತು. ನನ್ನ ಕಣ್ಣು ತುಂಬಿತು. ಓಬಕ್ಕ ನಗು ನಿಲ್ಲಿಸಿ, "ನಿಮ್ಗೆ ಎಷ್ಟಾಯ್ತದೋ ಅಷ್ಟೇ ಹಿಡಿ" ಎಂದಳು. ನಾನು ಎರಡು ಬೆರಳು ಬಿಟ್ಟೆ.

ಅವಳು ತಲೆಯಾಡಿಸಿದಳು.

"ಆಗ್ಲಿ, ಮನೆ ನಿಂದೇ. ಇನ್ನಾದ್ರೂ ಕೈ ಬುಡು ಮಗ, ಮನೆ ಎಲ್ಲೂ ಓಡೋಗಲ್ಲ."

ಆದರೂ ಬಿಡಲಾಗಲಿಲ್ಲ ಅಮ್ಮಾ.