ಹಡಗಿನ ಕಾಗದದಲ್ಲಿ ನಾನು ಓದದೆ ಬಿಟ್ಟ ಸಾಲು

ತಮ್ಮ ವಾಸು,

ಕಾಗದದ ತಲೆಯಲ್ಲಿ ಕ್ಷೇಮ ಕೇಳುವುದು ನಮ್ಮ ಮನೆಯ ರೂಢಿ. ಈ ಸಲ ಆ ಸಾಲು ಬರೆಯಲು ಹೋಗಿ ಕೈ ನಿಂತಿತು. ನೀನು ಹೋಗಿ ಎರಡು ವರ್ಷವಾಯಿತು. ನೀನು ಹಡಗಿನಲ್ಲಿದ್ದಾಗ ತಿಂಗಳಿಗೊಂದು ಕಾಗದ ಹಾಕುತ್ತಿದ್ದ ಅಣ್ಣ, ಈಗ ವಿಳಾಸವೇ ಇಲ್ಲದ ಹೊತ್ತಿನಲ್ಲಿ ಯಾಕೆ ಬರೆಯಲು ಕೂತ ಎಂದು ನಗಬೇಡ. ನಿನಗೆ ಹೇಳಲೇಬೇಕಾದ ಒಂದು ಮಾತಿದೆ. ನೀನು ಬದುಕಿದ್ದಾಗ ಅದನ್ನು ಹೇಳುವ ಮುಖ ನನಗಿರಲಿಲ್ಲ. ಈಗಲೂ ಇಲ್ಲ, ಆದರೂ...

ನಿನ್ನ ಮೊದಲ ಕಾಗದ ಬಂದ ಭಾನುವಾರ ನೆನಪಿದೆ. ಡೊಂಬಿವಲಿಯ ಈ ಎರಡು ಕೋಣೆಯ ಮನೆಯಲ್ಲಿ ಅಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ನಿನ್ನ ಅತ್ತಿಗೆ ಬಸಳೆ ಬಿಡಿಸುತ್ತಿದ್ದಳು. ಮೇಲಿನ ಮಾಳಿಗೆಯ ಸರೋಜಾ ಟೀಚರ್ ಕೂಡ ಕೇಳಲು ಇಳಿದು ಬಂದಿದ್ದರು. ಅಮ್ಮನಿಗೆ ಅಕ್ಷರ ಬಾರದು, ಹಾಗಾಗಿ ಕುಂದಾಪುರದ ಕಾಲದಿಂದಲೂ ಮನೆಗೆ ಬಂದ ಕಾಗದ ಓದುವವನು ನಾನೇ. ಪ್ರವಾಸಿಗಳ ಆ ಹಡಗಿನ ಊಟದ ಹಾಲ್ ನಮ್ಮ ಬಿಲ್ಡಿಂಗನ್ನು ಅಡ್ಡ ಮಲಗಿಸಿದಷ್ಟು ಉದ್ದ, ಒಂದೇ ಊಟ ಏಳು ಕಂತಿನಲ್ಲಿ ಬರುತ್ತದೆ, ಕಂತಿಗೊಂದು ತಟ್ಟೆ, ಸೂಪಿಗೆ ಬೇರೆ ಚಮಚ, ಮೀನಿಗೆ ಬೇರೆ ಚಾಕು ಎಂದೆಲ್ಲ ನೀನು ಬರೆದಿದ್ದೆ.

"ಏಳು ಸಲ ಬಟ್ಲು ಬದ್ಲಿಸ್ತ್ರಾ?" ಎಂದು ಅಮ್ಮ ಕೇಳಿದಳು. "ತೊಳುದ್ ಯಾರ್ ಮಾರಾಯ?"

"ಅದಕ್ಕೆ ಮಿಷನ್ ಇದೆ ಅಮ್ಮ."

"ಅಷ್ಟ್ ಉಂಡ್ರೂ ಅನ್ನ ಇಲ್ಯಾ?"

ವಿಜಾಪುರದ ಕಡೆಯ ಟೀಚರ್ ನಕ್ಕರು. "ಅನ್ನ ಇಲ್ದ ಏಳು ಸಲ ಉಂಡ್ರೂ ಅದು ನಾಷ್ಟಾನ ಬಿಡ್ರಿ ಅವ್ವಾರ."

ಮಿಷನ್ ಇದೆ ಎಂದು ನೀನು ಬರೆದಿರಲಿಲ್ಲ. ಮೊದಲ ಮೂರು ತಿಂಗಳು ತೊಳೆಯುವವನು ನೀನೇ ಎಂದು ಬರೆದು, ಆ ಸಾಲಿನ ಪಕ್ಕ ಪೆನ್ಸಿಲಿನಿಂದ ಒಂದು ಗೀಟು ಎಳೆದಿದ್ದೆ. ಗೀಟು ಹಾಕಿದ್ದನ್ನು ಅಮ್ಮನಿಗೆ ಓದಬಾರದು ಎಂಬುದು ನೀನು ಹಡಗು ಹತ್ತುವ ಮೊದಲು ನಾವಿಬ್ಬರೂ ಮಾಡಿಕೊಂಡ ಒಪ್ಪಂದ. ಅವಳು ಸುಮ್ಮನೆ ಕೊರಗುವುದು ಬೇಡ ಎಂದು ಮಾಡಿದ್ದು. ಅಲ್ಲಿಯವರೆಗೆ ಅದರಲ್ಲಿ ಪಾಪವಿರಲಿಲ್ಲ, ಅಲ್ಲವೇ?

ಆಮೇಲೆ ನಿನ್ನನ್ನು ವೈನ್ ಬಡಿಸುವ ಕೆಲಸಕ್ಕೆ ಹಾಕಿದರು. ಆ ಕಾಗದವಂತೂ ನನಗೆ ಬಾಯಿಪಾಠವಾಗಿತ್ತು. ಬಾಟಲಿಯನ್ನು ಎಳೆಗೂಸನ್ನು ತೋರಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು, ಅದರ ಮೇಲಿನ ಚೀಟಿ ಕಾಣುವಂತೆ ತೋರಿಸಬೇಕು. ಬೂಚು ತೆಗೆಯುವಾಗ ಸದ್ದಾಗಬಾರದು. ಮೊದಲು ಒಂದು ಗುಟುಕಿನಷ್ಟು ಮಾತ್ರ ಸುರಿದು, ತರಿಸಿದವರು ಬಾಯಲ್ಲಾಡಿಸಿ ತಲೆದೂಗುವವರೆಗೆ ಕಾಯಬೇಕು. ಹೆಂಗಸರಿಗೆ ಮೊದಲು. ಕೊನೆಗೆ ಮಣಿಕಟ್ಟನ್ನು ಸ್ವಲ್ಪ ತಿರುಗಿಸಿದರೆ ಹನಿ ಮೇಜಿನ ಬಟ್ಟೆಯ ಮೇಲೆ ಬೀಳುವುದಿಲ್ಲ. ರುಚಿ ಗೊತ್ತಿಲ್ಲದವನು ವರ್ಣಿಸುವುದು ಹೇಗೆಂದು ನಿನಗೂ ಒಂದು ಗುಟುಕು ಕುಡಿಸಿದರಂತೆ. 'ಹುಣಸೆ ನೀರಿಗೆ ಹಳೇ ಮರದ ಪೆಟ್ಟಿಗೆಯ ವಾಸನೆ ಹಿಡಿದ ಹಾಗಿತ್ತು ಅಣ್ಣ' ಎಂದು ಬರೆದು, ಪಕ್ಕಕ್ಕೆ ದಪ್ಪ ಗೀಟು.

"ಅಂವ ಕುಡುದಿಲ್ಲ ಅಲ್ದಾ?" ಎಂದಳು ಅಮ್ಮ, ನನ್ನ ಮುಖವನ್ನೇ ನೋಡುತ್ತಾ.

"ಇಲ್ಲಮ್ಮ, ಬರೀ ಸುರಿಯುವುದು."

ತುರ್ಭೆಯ ಕ್ಯಾಂಟೀನಿನಲ್ಲಿ ನಾನು ಆಡಿದ ಆಟವನ್ನು ನಿನಗೆ ಎಂದೂ ಬರೆಯಲಿಲ್ಲ. ಶೀಳ್ ಫಾಟಾ ದಾರಿಯ ಬಸ್ಸಿನಲ್ಲಿ ನಿಂತೇ ಹೋಗಿ, ಫ್ಯಾಕ್ಟರಿಯ ಜನರಿಗೆ ಮೊಳಕೆಕಾಳಿನ ಉಸಳ್-ಪಾವ್ ಬಡಿಸುವ ಮ್ಯಾನೇಜರ್ ನಾನು. ಒಂದು ಮಧ್ಯಾಹ್ನ ಹೆಗಲ ಟವೆಲನ್ನು ಮೊಣಕೈಗೆ ಹಾಕಿಕೊಂಡು, ಮಜ್ಜಿಗೆಯನ್ನು ಬಾಟಲಿಗೆ ತುಂಬಿ, ಮಣಿಕಟ್ಟು ತಿರುಗಿಸಿ ಸುರಿದು ತೋರಿಸಿದೆ. ಕಲಬುರಗಿಯ ಕಡೆಯ ಲೋಡಿಂಗ್ ಕೆಲಸದ ಶರಣಪ್ಪ ಗ್ಲಾಸು ಹಿಡಿದುಕೊಂಡು, "ಏನ್ರೀ ಮ್ಯಾನೇಜರ್ ಸಾಹೇಬ್ರ, ಮಜ್ಜಗಿ ಹಾಕಾಕ ಇಷ್ಟ್ಯಾಕ ಕುಣಿತೀರಿ? ಹಡಗಿನ್ಯಾಗ ನಿಮ್ಮ ತಮ್ಮನೂ ಹಿಂಗ ಕುಣ್ಯಾಕತ್ತಾನೇನು?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ನಾನು ಬರೀ ಕ್ಯಾಂಟೀನಿನವನಲ್ಲ, ಹಡಗಿನವನ ಅಣ್ಣ. ಬಿಲ್ಡಿಂಗಿನಲ್ಲೂ ಅಷ್ಟೇ, ಮೆಟ್ಟಿಲ ಮೇಲೆ ಸಿಕ್ಕವರು "ಹ್ವಾಯ್, ಈ ತಿಂಗ್ಳು ಎಂತ ಊಟ ಬಂತು?" ಎಂದು ಕೇಳುತ್ತಿದ್ದರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದು ಎಷ್ಟು ರುಚಿಸಿತು ಎಂದರೆ, ಏನು ಹೇಳಲಿ ವಾಸು, ನಿನ್ನ ವೈನಿನ ಅಮಲು ಏರಿದ್ದು ನನಗೆ.

ಹಡಗಿನ ಸುಖಗಳನ್ನು ನೀನು ಎಷ್ಟು ಚೆನ್ನಾಗಿ ಬರೆಯುತ್ತಿದ್ದೆ. ಕೋಣೆ ಗುಡಿಸುವವರು ಟವೆಲ್ಲನ್ನು ಮಡಚಿ ಹಂಸ ಮಾಡಿ ಹಾಸಿಗೆಯ ಮೇಲೆ ಕೂರಿಸುವುದು, ದಿಂಬಿನ ಮೇಲೆ ಇಡುವ ಚಾಕಲೇಟು, ಸಮುದ್ರದ ನಡುವೆಯೇ ಬಿಸಿನೀರಿನ ಕೊಳ. ಗಂಡ ತೀರಿಕೊಂಡ ಒಬ್ಬ ಮುದುಕಿ ದಿನವೂ ಎರಡು ಗ್ಲಾಸಿಗೆ ವೈನ್ ಹಾಕಿಸಿಕೊಂಡು, ಒಂದನ್ನು ಮುಟ್ಟದೆ ಎದ್ದು ಹೋಗುತ್ತಿದ್ದಳು ಎಂದು ಬರೆದಿದ್ದೆ. ಅದನ್ನು ಕೇಳಿ ಅಮ್ಮ, "ಆ ಹೆಂಗ್ಸಿಗೆ ನಾ ಕ್ಷೇಮ ಕೇಂಡೆ ಅಂತ ಹೇಳ್" ಎಂದಳು. ಕಿಟಕಿಯಿಲ್ಲದ ಕೆಳಗಿನ ಕೋಣೆಯಲ್ಲಿ ನಾಲ್ಕು ಜನ ಸರದಿಯ ಮೇಲೆ ನಿದ್ದೆ ಮಾಡುವುದು, ಕಾಲು ಬಾತು ಬೂಟಿಗೆ ತೂರದಿರುವುದು, ಇವೆಲ್ಲ ಗೀಟಿನ ಪಕ್ಕದಲ್ಲಿರುತ್ತಿದ್ದವು. ನಾನು ಓದುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಬರಬರುತ್ತಾ ನನ್ನ ಮಟ್ಟಿಗೂ ಓದಿಕೊಳ್ಳುತ್ತಿರಲಿಲ್ಲ.

ಮಗಳು ಸುಜಾತಾಳ ಸಂಬಂಧದ ಮಾತು ನಡೆಯುತ್ತಿದ್ದ ತಿಂಗಳಲ್ಲೇ ಆ ಕಾಗದ ಬಂತು. ಹುಡುಗ ಕೋಪರಿಯವನು, ತಂದೆಗೆ ಠಾಣೆ ಸ್ಟೇಷನ್ನಿನ ಬಳಿ ಸಣ್ಣ ಹೋಟೆಲು. ಹೆಣ್ಣು ನೋಡಲು ಬಂದವರ ಮುಂದೆ ನಾನು ಉಪ್ಪಿಟ್ಟು ಬಡಿಸುವುದನ್ನೂ ಮರೆತು ನಿನ್ನ ಏಳು ಕಂತಿನ ಊಟ ಬಡಿಸುತ್ತಾ ಕೂತೆ. ಸುಜಾತಾ ಒಳಗಿನಿಂದ ಮರಾಠಿಯಲ್ಲೇ, "ಬಾಬಾ, ಪುರೇ ಆತಾ. ಕಾಕಾ ಕಾಯ್ ಕ್ಯಾಪ್ಟನ್ ಆಹೆ ಕಾ?" ಎಂದಳು. ಸಾಕು ಮಾಡಿ, ಚಿಕ್ಕಪ್ಪನೇನು ಕ್ಯಾಪ್ಟನ್ನೇ ಎಂದು. ಬಂದವರು ನಕ್ಕರು. ಮದುವೆಗೆ ತಮ್ಮ ನೇರ ಹಡಗಿನಿಂದಲೇ ಬರುತ್ತಾನೆ ಎಂದು ನಾನು ಘೋಷಿಸಿಬಿಟ್ಟೆ.

ಅದಾಗಿ ಮೂರನೆಯ ದಿನ ನಿನ್ನ ಕಾಗದ. ಅದರ ಸಾಲುಗಳು ಈಗಲೂ ಕಣ್ಣ ಮುಂದಿವೆ. 'ಅಣ್ಣ, ಈ ಕಾಗದದಲ್ಲಿ ಒಂದೂ ಗೀಟಿಲ್ಲ. ಪೂರ್ತಿ ಅಮ್ಮನಿಗೆ ಓದು. ನನ್ನಿಂದ ಆಗುತ್ತಿಲ್ಲ. ಟ್ರೇ ಎತ್ತಿದರೆ ಎದೆ ಹಿಡಿದುಕೊಳ್ಳುತ್ತದೆ. ಹಿಡಿದ ಕೆಲಸ ನಡುವೆ ಬಿಡುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಅವಳು ಬಾ ಎಂದರೆ ಮುಂದಿನ ಬಂದರಿನಲ್ಲೇ ಇಳಿದು ಬರುತ್ತೇನೆ. ನಿನ್ನ ಕ್ಯಾಂಟೀನಿನಲ್ಲಿ ಪ್ಲೇಟು ಎತ್ತಿಕೊಂಡಿರುತ್ತೇನೆ.' ಚಿಕ್ಕಂದಿನಲ್ಲಿ ನೀನು ಎರಡು ಹೋಟೆಲುಗಳ ಕೆಲಸ ಅರ್ಧಕ್ಕೆ ಬಿಟ್ಟು ಓಡಿಬಂದಾಗ ಅಮ್ಮ ದೇವರ ಮುಂದೆ ನಿಲ್ಲಿಸಿ ತೆಗೆದುಕೊಂಡ ಮಾತು ಅದು. ಅವಳಿಗೆ ಅದು ನೆನಪಿತ್ತೋ ಇಲ್ಲವೋ, ನಿನಗಿತ್ತು.

ಆ ಭಾನುವಾರ ನಾನು ಏನು ಮಾಡಿದೆ ಗೊತ್ತೇ? ಹೊಸ ಕಾಗದವನ್ನು ಕೈಯಲ್ಲಿ ಬಿಡಿಸಿ ಹಿಡಿದು, ಹಳೆಯ ಕಾಗದದ ಊಟದ ಪಟ್ಟಿಯನ್ನು ಬಾಯಿಪಾಠ ಒಪ್ಪಿಸಿದೆ. ಅಮ್ಮ ತಲೆದೂಗಿದಳು. ಮರುದಿನ ನಿನಗೆ ಬರೆದೆ: 'ಅಮ್ಮನಿಗೆ ಓದಿದೆ. ಹಿಡಿದ ಕೆಲಸ ಮುಗಿಸಿಯೇ ಬಾ ಎನ್ನುತ್ತಾಳೆ. ಕೊಟ್ಟ ಮಾತು ನೆನಪಿರಲಿ ಎನ್ನುತ್ತಾಳೆ.' ವಾಸು, ಆ ಮಾತು ಅಮ್ಮನದಲ್ಲ. ನನ್ನದು. ಮದುವೆ ಮುಗಿಯುವವರೆಗೆ ನೀನು ಹಡಗಿನಲ್ಲಿರಲಿ, ಹಡಗಿನವನಾಗಿಯೇ ಮಂಟಪಕ್ಕೆ ಬರಲಿ, ಕ್ಯಾಂಟೀನಿನಲ್ಲಿ ಪ್ಲೇಟು ಎತ್ತುವವನಾಗಿ ಅಲ್ಲ ಎಂದು... ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಹೇಳಿಕೊಳ್ಳಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

'ಅಮ್ಮ ಹೇಳಿದ ಮೇಲೆ ಮುಗಿಯಿತು, ಇರುತ್ತೇನೆ' ಎಂದು ನಿನ್ನ ಉತ್ತರ ಬಂತು. ಚೌತಿಯ ದಿನ ನೀನು ಕೆಳಮನೆಯ ಕುಲಕರ್ಣಿಯವರ ಫೋನಿಗೆ ಕರೆ ಮಾಡಿದ್ದೆ, ನೆನಪಿದೆಯೇ? ಅವರ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಅಮ್ಮ ಸಂಕೋಚದಿಂದ "ಉಂಡ್ಯಾ ಮಗಾ?" ಎಂದಷ್ಟೇ ಕೇಳಿ ನನಗೆ ರಿಸೀವರ್ ಕೊಟ್ಟುಬಿಟ್ಟಳು. ನೀನು ಆ ವಿಷಯ ತೆಗೆಯುವ ಮೊದಲೇ ನಾನು ಮದುವೆಯ ಸುದ್ದಿ ಹಿಡಿದೆ. ನೀನೂ ಏನನ್ನೂ ಎತ್ತಲಿಲ್ಲ.

ಅದಾದ ಐದು ವಾರಕ್ಕೆ ನೀನು ಊಟದ ಹಾಲಿನಲ್ಲಿ ಕುಸಿದವನು ಮತ್ತೆ ಏಳಲಿಲ್ಲ. ಹೃದಯ ಮೊದಲಿನಿಂದಲೇ ಸೋತಿದ್ದಿರಬೇಕು, ಎಲ್ಲಿದ್ದರೂ ಹೀಗೆಯೇ ಆಗುತ್ತಿತ್ತು ಎಂದು ಡಾಕ್ಟರರ ಅಭಿಪ್ರಾಯ. ಇರಬಹುದು. ಆದರೆ ಇಲ್ಲಿ, ಅಮ್ಮನ ಪಕ್ಕದಲ್ಲಿ ಆಗುತ್ತಿತ್ತಲ್ಲ. ಸುಜಾತಾಳ ಮದುವೆ ನಿನ್ನ ವರ್ಷಾಂತ ಕಳೆದ ಮೇಲೆ ಆಯಿತು. ಒಂದು ದಿನ ಬೀಗರಿಗೆ ನಿನ್ನ ಹಡಗಿನ ಸುದ್ದಿ ತೆಗೆದರೆ, "ಅದೆಲ್ಲ ನಮ್ಗೆ ಎಂತಕ್ಕೆ ಮಾರಾಯ್ರೆ, ನಮ್ಗೆ ಹುಡ್ಗಿ ಹಿಡಿಸ್ತು" ಎಂದರು. ನಾನು ಎದ್ದು ನೀರು ಕುಡಿಯಲು ಹೋದೆ.

ಮದುವೆಯಾದ ಮೇಲೆ ನಿನ್ನ ಹಡಗಿನ ಕೋಣೆಯಲ್ಲಿದ್ದ ಕುಮಟಾದ ಪಾಂಡುರಂಗ ರಜೆಯಲ್ಲಿ ಬಂದವನು ನಮ್ಮನ್ನು ಹುಡುಕಿಕೊಂಡು ಡೊಂಬಿವಲಿಗೆ ಬಂದ. ಅಮ್ಮನ ಕಾಲು ಮುಟ್ಟಿ, "ಅಮ್ಮ, ನೀವು ಹೇಳಿಕಳಿಸಿದ ಮಾತಿಗೇ ವಾಸಣ್ಣ ಉಳಿದ. ಇಲ್ಲದಿದ್ದರೆ ಸಾಮಾನು ಕಟ್ಟಿಯಾಗಿತ್ತು" ಎಂದ.

"ಯಾವ ಮಾತ್?" ಎಂದಳು ಅಮ್ಮ. "ನಾ ಎಂತ ಹೇಳಿದೆ?"

ಅವಳು ನನ್ನ ಕಡೆ ತಿರುಗಿದಳು. ಆಗಲಾದರೂ ಹೇಳಬಹುದಿತ್ತು. ನಾನು ಪಾಂಡುರಂಗನಿಗೆ, "ವಯಸ್ಸಾಯಿತು, ಅಮ್ಮನಿಗೆ ಈಗೀಗ ಮರೆವು" ಎಂದೆ.

ಮೊದಲ ತಪ್ಪಿಗಿಂತ ಇದು ದೊಡ್ಡದು. ಅಮ್ಮ ನನ್ನನ್ನು ನಂಬಿದಳು. ಹೇಳಿದ್ದು ತಾನೇ, ಮರೆತದ್ದೂ ತಾನೇ ಎಂದುಕೊಂಡಳು. ಬಂದವರ ಹತ್ತಿರವೆಲ್ಲ "ನಾನೇ ಬರ್ಬೇಡ ಅಂದೆ ಅಂಬ್ರ್" ಎಂದು ಹೇಳಿಕೊಳ್ಳಲು ಶುರುಮಾಡಿದಳು. ಬರಬರುತ್ತಾ ಅವಳ ಮಾತೇ ಕಡಿಮೆಯಾಯಿತು. ಕಳೆದ ತಿಂಗಳು ಸುಜಾತಾಳ ಸೀಮಂತಕ್ಕೆ ಕೋಪರಿಗೆ ಹೋಗಿದ್ದೆವು. ಎಲ್ಲ ಮುಗಿದು, ಹುಡುಗಿ ಕಾಲಿಗೆ ಬಿದ್ದರೆ ಅಮ್ಮ ಕೈ ಹಿಂದಕ್ಕೆಳೆದುಕೊಂಡಳು. "ನನ್ನ ಬಾಯಲ್ಲಿ ಹರಸ್ಬೇಡ ಮಗಾ. ಮಗನ್ನ ತಿಂದ ಬಾಯಿ ಇದು" ಎಂದಳು. ಸುಜಾತಾ ಬಗ್ಗಿದವಳು ಹಾಗೆಯೇ ಬಗ್ಗಿಕೊಂಡಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮನೆಗೆ ಬಂದವನೇ ಅವಳ ಮುಂದೆ ಕೂತು ಹೇಳಿದೆ. "ಅಮ್ಮ, ನೀನು ಹೇಳಲಿಲ್ಲ. ನಾನು ಬರೆದದ್ದು."

"ನನ್ನ ಸಮಾಧಾನಕ್ಕೆ ಸುಳ್ಳ್ ಹೇಳ್ಬೇಡ" ಎಂದಳು.

ನಿನ್ನ ಆ ಗೀಟಿಲ್ಲದ ಕಾಗದ ತಂದು ಓದಲು ಹೋದೆ. ಅರ್ಧ ಸಾಲಿಗೇ ಕೈ ಎತ್ತಿ ನಿಲ್ಲಿಸಿದಳು. "ನೀ ಓದ್ರೆ ನಂಗೆ ಹ್ಯಾಂಗ್ ಗೊತ್ತಾತ್? ಟೀಚರಮ್ಮನ್ನ ಕರಿ."

ಸರೋಜಾ ಟೀಚರ್ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಎದೆ ಹಿಡಿದುಕೊಳ್ಳುವ ಸಾಲಿಗೆ ಬಂದಾಗ ನಿಂತು, "ಇಷ್ಟ ಸಾಕೇನ್ರೀ ಅವ್ವಾರ?" ಎಂದರು. "ಓದಿ ನೀವ್" ಎಂದಳು ಅಮ್ಮ. ಓದಿ ಮುಗಿಸಿದ ಟೀಚರ್ ನನ್ನ ಮುಖ ನೋಡದೆ ಮೇಲೆ ಹೋದರು. ಆಮೇಲೆ ಅಮ್ಮ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಇಟ್ಟ ಕಾಫಿ ಹಾಗೆಯೇ ಆರುತ್ತಿತ್ತು. ನಿನ್ನ ಅತ್ತಿಗೆ ಕೊಟ್ಟರೆ ಕುಡಿಯುತ್ತಿದ್ದಳು.

ಐದನೆಯ ದಿನ ತಾನೇ ಹೊರಟು ನಿಂತಳು. ಕೋಪರಿಗೆ ಹೋಗಿ ಸುಜಾತಾಳ ತಲೆಯ ಮೇಲೆ ಎರಡೂ ಕೈಯಿಟ್ಟು, ಬಹಳ ಹೊತ್ತು ಏನೇನೋ ಹೇಳಿದಳು. ಪಾಂಡುರಂಗನಿಗೂ ನಾನು ನಿಜ ಬರೆದು ಹಾಕಿದ್ದೇನೆ. ಅವನ ಉತ್ತರ ಬಂದಿಲ್ಲ, ಬರಬೇಕೆಂದೂ ಇಲ್ಲ.

ಇವತ್ತು ಬೆಳಿಗ್ಗೆ ಅಮ್ಮ ಕಾಗದ ಪೆನ್ನು ತರಿಸಿದಳು. "ನಾ ಹೇಳ್ದಾಂಗೇ ಬರಿ, ನಿನ್ನದ್ ಎಂತದೂ ಸೇರ್ಸಬೇಡ" ಎಂದಳು. ಬರೆದೆ. ಬರೆದದ್ದನ್ನು ಟೀಚರಿಂದ ಓದಿಸಿ, ತಾನು ಹೇಳಿದ್ದು ಅಷ್ಟೇ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ನನ್ನ ಕೈಗೆ ಕೊಟ್ಟಳು. ವಾಸು, ಇದು ಅಮ್ಮನ ಮಾತು. ಇದರಲ್ಲಿ ನನ್ನದು ಒಂದಕ್ಷರವೂ ಇಲ್ಲ:

'ಮಗಾ, ನೀ ಕೇಂಡದ್ ನಂಗೆ ಯಾರೂ ಹೇಳ್ಲಿಲ್ಲ. ಹೇಳಿದ್ರೆ ಅವತ್ತೇ ಬಾ ಅಂತಿದ್ದೆ. ಕೆಲ್ಸ ಅರ್ಧಕ್ಕೆ ಬಿಟ್ರೆ ಎಂತ ಆತಿತ್ತ್, ಎಂತದೂ ಆತಿರ್ಲಿಲ್ಲ. ಅಣ್ಣನ ಮೇಲೆ ನೀ ಸಿಟ್ಟ್ ಮಾಡ್ಬೇಡ. ಸಿಟ್ಟ್ ಮಾಡೂಕೆ ಇಲ್ಲಿ ನಾನಿದ್ದೇನೆ.'