ಊಟದ ಕೈ

ಜನವರಿ 9, ಶನಿವಾರ

ಇವತ್ತೂ ಅದೇ. ಒಳ್ಳೆಯ ತುಂಡುಗಳೆಲ್ಲ ನನ್ನ ಕಡೆಗೆ.

ಎಬ್ಲಾಳ ಹೋಟೆಲು, ಪರದೆಯ ಹಿಂದೆ ಹೆಂಗಸರ ಮೂಲೆ, ನಮ್ಮಿಬ್ಬರ ನಡುವೆ ಒಂದೇ ತಟ್ಟೆ — ಮಸಾಲೆ ಅನ್ನ, ಆಡಿನ ಪಕ್ಕೆಲುಬು, ಬಾಳೆಹಣ್ಣು. ಅಂಬರೊ ಮೂಳೆಯಿಂದ ಮಾಂಸ ಬಿಡಿಸುತ್ತಾಳೆ, ಬೆರಳ ತುದಿಯಿಂದ ಮೆಲ್ಲಗೆ ನನ್ನ ಕಡೆ ದೂಡುತ್ತಾಳೆ. ಬೇಡ ಎಂದರೆ ಕೇಳುವುದಿಲ್ಲ. ತಾನು ಎರಡು ಅಗುಳು ಬಾಯಿಗಿಟ್ಟುಕೊಂಡು ಸಾರು ಹೀರುತ್ತ ಕೂರುತ್ತಾಳೆ.

ಅತಿಥಿಗೆ, ಹಿರಿಯರಿಗೆ ಹಾಗೆ ದೂಡುವುದು ಸರಿ. ನನಗೇಕೆ? ಇಷ್ಟು ವರ್ಷ ಪಕ್ಕದ ಅಂಗಡಿಯವಳು. ತಗಡಿನ ಆಚೆ ಅವಳು ಧೂಪ ಕುಟ್ಟುತ್ತಾಳೆ, ಈಚೆ ನಾನು ಮಾರುವ ಬಟ್ಟೆಗೆಲ್ಲ ವಾಸನೆ ಹತ್ತುತ್ತದೆ. ಗಿರಾಕಿಗಳು ನನ್ನ ಬಟ್ಟೆ ಮೂಸಿ ಅವಳ ಅಂಗಡಿಗೆ ಹೋಗುತ್ತಾರೆ. ಇದೇ ತಟ್ಟೆಯ ಒಂದು ಮಜ್ಜೆಯ ಮೂಳೆಗಾಗಿ ಇಬ್ಬರೂ ವಾರಗಟ್ಟಲೆ ಮಾತು ಬಿಟ್ಟಿದ್ದೂ ಉಂಟು.

ಕಾರಣ ಗೊತ್ತು. ಅವಳ ಮಗ ಗುಲೇದ್‌ಗೆ ಹೆಣ್ಣು ನೋಡುವ ಹೊತ್ತು. ನನ್ನ ಮಗಳು ಹೋದನ್ ಕಣ್ಣಿಗೆ ಬಿದ್ದಿದ್ದಾಳೆ. ಬೀಗಿತ್ತಿ ಆಗುವವಳಿಗೆ ಬೆಣ್ಣೆ ಹಚ್ಚುತ್ತಿದ್ದಾಳೆ. ಹಚ್ಚಲಿ. ಆ ಹುಡುಗನಿಗೆ ಕೆಲಸವಿಲ್ಲ, ಗಡ್ಡ ಒಂದಿದೆ. ಮಗಳನ್ನು ಕೊಡುವುದಿಲ್ಲ. ಮಾಂಸ ಮಾತ್ರ ತಿನ್ನುತ್ತೇನೆ.

ಜನವರಿ 18, ಸೋಮವಾರ

ಉಡುಪು ಕಂಕುಳಲ್ಲಿ ಬಿಗಿ. ಬಟ್ಟೆ ಮಾರುವವಳಿಗೇ ಬಟ್ಟೆ ಆಗುತ್ತಿಲ್ಲ. ಎಬ್ಲಾ ಸಾರು ತಂದಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಕಲ್ತೂನಕ್ಕಾ, ಇನ್ನೊಂದು ತಿಂಗಳು ಹೀಗೇ ತಿಂದ್ರೆ ಪರದೆ ಹಿಂದಕ್ಕೆ ಸರಿಸ್ಬೇಕಾಗತ್ತೆ ನೋಡಿ."

"ನೀನು ಅನ್ನ ಬಡಿಸು, ಗೋಡೆ ನಾನು ಕಟ್ಟಿಸ್ಕೊಡ್ತೀನಿ."

ಅಂಬರೊ ನಕ್ಕಳು. ನಕ್ಕಾಗ ಕೆನ್ನೆ ಒಳಗೆ ಹೋಯಿತು. ಬಾಸ್ತೊ ತರಿಸಿದ್ದಳು, ಉದ್ದ ಶಾವಿಗೆ, ಮೆತ್ತಗಿರುತ್ತದೆ ಅಂತ. ಕೈಯಲ್ಲಿ ಸುತ್ತಿ ಸುತ್ತಿ ಕೊನೆಗೆ ನನ್ನ ಕಡೆಗೇ ಇಟ್ಟಳು. ಹಲ್ಲುನೋವಂತೆ.

"ಬರೀ ಕಡ್ಡಿ ಆಗಿದ್ದೀಯಲ್ಲೇ," ಎಂದೆ.

"ಮಗನ ಮದುವೇಲಿ ಚೆನ್ನಾಗಿ ಕಾಣ್ಬೇಡ್ವಾ?"

ನೋಡಿ. ಬಾಯಿಂದಲೇ ಬಂತು. ಇನ್ನೂ ಸ್ವಲ್ಪ ಕಾಯಿಸಬೇಕು ಇವಳನ್ನು.

ಜನವರಿ 31, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ…

ಮನಸ್ಸು ಮಾಡಿಯೇ ಹೋಗಿದ್ದೆ. ಇಷ್ಟು ದಿನ ತಿನ್ನಿಸಿದವಳನ್ನು ಇನ್ನು ಗೋಳಾಡಿಸುವುದು ಬೇಡ. ಹೋದನ್‌ಗೂ ಅವನ ಮೇಲೆ ಮನಸ್ಸಿರಬಹುದು. ಸಾರು ಬಂದ ಕೂಡಲೇ ಹೇಳಿದೆ — "ಸಾಕು ಮಾರಾಯ್ತಿ, ಮಾಂಸ ದೂಡಿದ್ದು. ಹುಡುಗಿ ನಿಂದೇ."

ಅಂಬರೊ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ನಗು. ಬಾಯಲ್ಲಿ ನಾಲ್ಕು ಅಗುಳು ಅನ್ನವಿತ್ತು. ಅದು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ನೀರು ಕೊಟ್ಟೆ, ನೀರೂ ತಿರುಗಿ ಬಂತು. ಎಬ್ಲಾ ಓಡಿಬಂದು ಬೆನ್ನು ಗುದ್ದಿದಳು. ಪರದೆಯಾಚೆಯಿಂದ ಗಂಡಸರು ಏನಾಯ್ತು ಎಂದು ಕೂಗಿದರು.

ಉಸಿರು ಬಂದಮೇಲೆ ಮೊದಲು ಆಡಿದ ಮಾತು — "ನಿನ್ನ ಮಗಳು ಯಾರಿಗೆ ಬೇಕಾಗಿತ್ತೇ? ಗುಲೇದ್ ಆಗ್ಲೇ ಬುರಾವೊ ಕಡೆ ಹುಡುಗಿಗೆ ಮಾತು ಕೊಟ್ಟಿದ್ದಾನೆ."

"ಮತ್ತೆ ಮಾಂಸ?"

"ಇಳಿಯಲ್ಲ ಕಣೇ. ಹಜ್ ಹಬ್ಬದಿಂದ. ಮೊದ್ಲು ಮಾಂಸ, ಆಮೇಲೆ ಅನ್ನ. ತಟ್ಟೇಲಿ ಉಳಿದ್ರೆ ಎಬ್ಲಾ ಕೇಳ್ತಾಳೆ. ಮನೇಲಿ ಬಿಟ್ರೆ ಮಕ್ಕಳು ಕೇಳ್ತಾರೆ. ನೀನು ಕೇಳ್ದೇ ತಿಂತೀಯ."

ಕೇಳದೇ ತಿಂದೆ. ದಿನಾ ಎದುರಿಗೆ ಕೂತು, ಮೂಳೆ ಚೀಪಿ, ಬೆರಳು ನೆಕ್ಕಿ. ಅವಳು ಒಣಗುತ್ತಿದ್ದುದು ಕಂಡರೂ ನನ್ನದೇ ಗತ್ತಿನಲ್ಲಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಫೆಬ್ರವರಿ 4, ಗುರುವಾರ

ಆಸ್ಪತ್ರೆಯಲ್ಲಿ ಅಂಬರೊಗೆ ಕೊಳವೆ ಇಳಿಸಿ, ಸ್ಕ್ಯಾನ್ ಮಾಡಿ ನೋಡಿದರು. ಅನ್ನನಾಳದಲ್ಲಿ ಗಡ್ಡೆ. ಡಾಕ್ಟರ್ ಚಿಕ್ಕ ವಯಸ್ಸಿನವನು, ಮೇಜನ್ನು ನೋಡುತ್ತ ಮಾತಾಡಿದ. ಈಗಾಗಲೇ ಯಕೃತ್ತು, ಶ್ವಾಸಕೋಶ ಎಲ್ಲ ಕಡೆ ಹರಡಿದೆ. ಗುಲೇದ್ ಇಂಡಿಯಾಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದ, ನೆಂಟರೆಲ್ಲ ಸೇರಿಸಿ ಕೊಡುತ್ತಾರಂತೆ. ಡಾಕ್ಟರ್ ತಲೆ ಅಲ್ಲಾಡಿಸಿದ. "ಪ್ರಯಾಣದ ಸುಸ್ತು ಬಿಟ್ರೆ ಬೇರೇನೂ ಸಿಗಲ್ಲ. ಮನೇಲಿಟ್ಕೊಳ್ಳಿ."

ಅಂಬರೊ ಎದ್ದು ಶಾಲು ಸರಿಮಾಡಿಕೊಂಡಳು. "ಇಂಡಿಯಾದಲ್ಲಿ ಎಬ್ಲಾ ಹೋಟೆಲ್ ಇದ್ಯಾ? ಇಲ್ವಲ್ಲ. ನಡಿ ಕಲ್ತೂನ್, ಹೊತ್ತಾಯ್ತು."

ಆಸ್ಪತ್ರೆಯಿಂದ ನೇರ ಅಲ್ಲಿಗೇ. ತುಂಬಿದ ತಟ್ಟೆ ತರಿಸಿದಳು. ನಾನು ತಟ್ಟೆಗೆ ಕೈ ಹಾಕಲಿಲ್ಲ.

"ತಿನ್ನು."

"ಹೆಂಗ್ ತಿನ್ಲಿ?"

"ನಿನಗೆ ಗಡ್ಡೆ ಇಲ್ವಲ್ಲ. ತಿನ್ನು. ಚಟ್ನಿ ಹಾಕ್ಕೋ. ಆ ಕಡೆ ಕೊಬ್ಬಿನ ತುಂಡು ಬಿಟ್ಟಿದ್ದೀಯ. ಬಾಳೆಹಣ್ಣು ಅನ್ನದ ಜೊತೆ ಕಿವುಚ್ಕೋ, ಬೇರೆ ತಿನ್ಬೇಡ." ನನ್ನ ಬಾಯನ್ನೇ ನೋಡುತ್ತ ಕೂತಳು. ನಾನು ನುಂಗಿದಾಗ ಅವಳ ಗಂಟಲೂ ಅಲುಗಿತು. ತಟ್ಟೆ ಖಾಲಿ ಮಾಡಿದೆ. ಬೀದಿಗೆ ಬಂದು ಮೋರಿಯ ಹತ್ತಿರ ಎಲ್ಲ ಕಕ್ಕಿದೆ. ಅವಳಿಗೆ ಹೇಳಲಿಲ್ಲ.

ಫೆಬ್ರವರಿ 20, ಶನಿವಾರ

ಎಬ್ಲಾ ಈಗ ಸಾರನ್ನು ಬಟ್ಟೆಯಲ್ಲಿ ಸೋಸಿ ಕೊಡುತ್ತಾಳೆ. ಬಟ್ಟೆ ನನ್ನ ಅಂಗಡಿಯದು, ಇರುವುದರಲ್ಲಿ ನಯವಾದದ್ದು. ಅಂಬರೊ ಒಂದು ಲೋಟ ಮುಗಿಸಲು ಎಲ್ಲರ ಊಟ ಮುಗಿದು, ಸಂತೆ ಮಧ್ಯಾಹ್ನದ ಬಾಗಿಲು ಹಾಕಿ, ಬೀದಿ ಮಲಗಬೇಕು. ಮಧ್ಯೆ ಮಧ್ಯೆ ಬಟ್ಟಲಿಗೆ ಉಗುಳುತ್ತಾಳೆ. ಎಬ್ಲಾ ತಾನೇ ತೆಗೆದು ತೊಳೆಯುತ್ತಾಳೆ, ಮುಖ ಸಿಂಡರಿಸುವುದಿಲ್ಲ.

ಪರದೆಯಾಚೆ ಒಬ್ಬ ಇನ್ನೊಂದು ತಟ್ಟೆ ಮಾಂಸ ಎಂದು ಕೂಗಿದ. ಎದ್ದು ಹೋಗಿ ಅವನ ಬಾಯಿಗೆ ಹೊಡೆಯಬೇಕು ಅನ್ನಿಸಿತು. ಪಾಪ, ಲಾರಿ ಓಡಿಸುವವನು. ಹಸಿವಾಗಿತ್ತು, ಅಷ್ಟೇ.

ನೋಡಲು ಬಂದವರೆಲ್ಲ ಅಲ್ಲಾಹನ ಇಚ್ಛೆ ಎನ್ನುತ್ತಾರೆ. ನನಗೂ ಗೊತ್ತು. ಗೊತ್ತಿದ್ದು ಏನಾಯಿತು.

ಮಾರ್ಚ್ 1, ಮಂಗಳವಾರ

ಅಂಬರೊ ಹೋಟೆಲಿನ ಮೆಟ್ಟಿಲು ಹತ್ತಲಾರದೆ ಕೂತುಬಿಟ್ಟಳು. ನಾನೂ ಎಬ್ಲಾಳೂ ಎತ್ತಿ ಟ್ಯಾಕ್ಸಿಗೆ ಹಾಕಿದೆವು. ಇಷ್ಟೊಂದು ಹಗುರ ಆಗಬಾರದು ಮನುಷ್ಯರು.

ಕಿಟಕಿಯಿಂದ ಕೈ ಹಿಡಿದು ಹೇಳಿದಳು. "ನಾಳೆಯಿಂದ ನಾನು ಬರಲ್ಲ. ನೀನು ಬಿಡ್ಬೇಡ. ತಿಂದು ಮನೆಗೆ ಬಂದು ಹೇಳು, ಏನೇನಿತ್ತು ಅಂತ."

ಮಾರ್ಚ್ 14, ಸೋಮವಾರ

ಮಧ್ಯಾಹ್ನ ಅಂಗಡಿ ಮುಚ್ಚಿದರೆ ಎಬ್ಲಾಳ ಹೋಟೆಲು, ಅಲ್ಲಿಂದ ಅಂಬರೊ ಮನೆ. ಇಷ್ಟು ದಿನ ಹೀಗೇ ನಡೆಯಿತು. ಇವತ್ತು ಆಗಲಿಲ್ಲ. ಕೈ ತೊಳೆದು ಕೂತವಳು ತಟ್ಟೆ ವಾಪಸು ದೂಡಿದೆ. ಮುಟ್ಟದೆ ಎದ್ದು ಬಂದು ಅವಳ ಮಂಚದ ಪಕ್ಕ ಕೂತು ಕಥೆ ಹೇಳಿದೆ — ಭುಜದ ಮಾಂಸ ಇತ್ತು, ಚೆನ್ನಾಗಿ ಬೆಂದಿತ್ತು, ಅನ್ನಕ್ಕೆ ಒಣದ್ರಾಕ್ಷಿ ಹಾಕಿದ್ದಳು, ಎಬ್ಲಾ ಗಂಡನಿಗೆ ಬೈಯುತ್ತಿದ್ದಳು.

ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನನ್ನ ಬಲಗೈ ಎಳೆದು ಮೂಗಿಗೆ ಹಿಡಿದಳು. ಆಯುಸ್ಸೆಲ್ಲ ಗಂಧ ಅಳೆದ ಮೂಗು.

"ಸೋಪು," ಎಂದಳು. "ಬರೀ ಸೋಪು. ಊಟ ಮಾಡಿದ ಕೈ ಎಷ್ಟು ತೊಳೆದ್ರೂ ಬೆರಳ ಸಂದೀಲಿ ಇರತ್ತೆ. ನೀನು ತಿಂದಿಲ್ಲ."

ಕೈ ಹಿಂದಕ್ಕೆ ಎಳೆದುಕೊಂಡೆ.

"ನನ್ನ ಹೊಟ್ಟೆಗೂ ಮೋಸ, ನಿನ್ನ ಹೊಟ್ಟೆಗೂ ಮೋಸ. ನಾಳೆ ಕೈ ತೊಳೀದೆ ಬಾ."

ಮಾರ್ಚ್ 15, ಮಂಗಳವಾರ

ತಿಂದೆ. ಕೈ ತೊಳೆಯಲಿಲ್ಲ. ಎಬ್ಲಾ ನೀರಿನ ಜಗ್ ಹಿಡಿದು ನಿಂತವಳು ವಿಷಯ ಕೇಳಿ ಒಳಗೆ ಹೋದಳು.

ಬಲಗೈ ಮೈಗೆ ತಾಗದಂತೆ ಮುಂದಕ್ಕೆ ಹಿಡಿದು ಬೀದಿಯಲ್ಲಿ ನಡೆದೆ. ನೋಣ ಹಿಂದೆ. ಬೀದಿ ಬದಿಯಲ್ಲಿ ಕೂತು ಹಣ ಬದಲಿಸುವವರು ನೋಟಿನ ರಾಶಿ ಹಿಂದಿನಿಂದ ನೋಡಿ ನಕ್ಕರು. "ಅಮ್ಮಾ, ಸಂತೇಲಿ ನೀರು ಖಾಲಿಯಾಯ್ತಾ?"

ಅಂಬರೊ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಮೂಸಿದಳು. ಒಂದೊಂದೇ ಬೆರಳು. "ಜೀರಿಗೆ… ಏಲಕ್ಕಿ. ಇವತ್ತು ಎಳೇ ಆಡು. ನಿಂಬೆ ಜಾಸ್ತಿ ಹಿಂಡಿದ್ದೀಯ, ನಿನ್ನ ಬುದ್ಧಿ ಹೋಗಲ್ಲ." ಕಣ್ಣ ತುದಿಯಿಂದ ನೀರು ಕಿವಿಗೆ ಇಳಿಯುತ್ತಿತ್ತು. ಸಂಕಟವೋ ಸಂತೋಷವೋ, ನನಗೆ ತಿಳಿಯಲಿಲ್ಲ. ನಾನೂ ಅತ್ತೆ, ಮೂಗು ಒರೆಸಿಕೊಳ್ಳಲು ಎಡಗೈಯೇ ಗತಿ.

"ಹೊಟ್ಟೆ ತುಂಬ್ತು," ಎಂದಳು.

ಮಾರ್ಚ್ 29, ಮಂಗಳವಾರ

ಅಂಬರೊಗೆ ಒಂಟೆ ಹಾಲೂ ಇಳಿಯುತ್ತಿಲ್ಲ. ಹತ್ತಿ ಅದ್ದಿ ತುಟಿ ಒದ್ದೆ ಮಾಡುತ್ತೇವೆ. ಮಾತು ನಿಂತಿದೆ. ಕೈ ಹತ್ತಿರ ಹಿಡಿದರೆ ಮೂಗಿನ ಹೊಳ್ಳೆ ಅಲುಗುತ್ತದೆ.

ನಾನು ದಪ್ಪಗಾಗುತ್ತಿದ್ದೇನೆ. ಹೋದನ್ ಎಲ್ಲ ಉಡುಪಿನ ಹೊಲಿಗೆ ಬಿಚ್ಚಿ ಕೊಟ್ಟಳು. ಕನ್ನಡಿ ನೋಡುವುದಿಲ್ಲ. ತಿನ್ನುವುದು ಬಿಟ್ಟರೆ ಅವಳಿಗೆ ಕೊಡಲು ನನ್ನಲ್ಲಿ ಬೇರೇನೂ ಇಲ್ಲ. ಇದರಿಂದ ಅವಳು ಬದುಕುವುದಿಲ್ಲ, ಒಂದು ದಿನವೂ ಹೆಚ್ಚು ಬದುಕುವುದಿಲ್ಲ. ಗೊತ್ತಿದ್ದೂ ದಿನಾ ಹೋಗಿ ತಿನ್ನುತ್ತೇನೆ.

ಏಪ್ರಿಲ್ 6, ಬುಧವಾರ, ಸಂಜೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಇವತ್ತು ಎಬ್ಲಾ ಮಜ್ಜೆಯ ಮೂಳೆ ಇಟ್ಟಿದ್ದಳು. ಅಂಬರೊಗೆ ಪ್ರಾಣ ಅದೆಂದರೆ. ತಟ್ಟೆಗೆ ಕುಟ್ಟಿ ಕುಟ್ಟಿ ಮಜ್ಜೆ ತೆಗೆದು, ಬೇಕೆಂದೇ ಬೆರಳಿಗೆಲ್ಲ ಮೆತ್ತಿಕೊಂಡೆ. ಇದಕ್ಕಾದರೂ ಕಣ್ಣು ತೆರೆಯುತ್ತಾಳೆ ಅಂತ. ಬೇಗ ಬೇಗ ನಡೆದೆ.

ಗಲ್ಲಿ ತಿರುಗಿದರೆ ಗುಲೇದ್ ಮನೆ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದ. ನನ್ನನ್ನು ನೋಡಿದ, ನನ್ನ ಕೈ ನೋಡಿದ. "ಚಿಕ್ಕಮ್ಮಾ, ಈಗಷ್ಟೇ," ಎಂದ. ನಾನು ಬಾಳೆಹಣ್ಣು ಸುಲಿಯುತ್ತಿದ್ದ ಹೊತ್ತಿಗೆ ಹೋಗಿರಬೇಕು.

ಒಳಗೆ ಮೀಯಿಸುವ ಹೆಂಗಸರು ನೀರು ಕಾಯಿಸುತ್ತಿದ್ದರು. "ಬಾ ಕಲ್ತೂನ್, ನಿನಗಿಂತ ಹತ್ತಿರದವರು ಯಾರು, ಕೈ ತೊಳ್ಕೊಂಡು ಬಾ." ಕೈ ಹಿಂದೆ ಇಟ್ಟುಕೊಂಡೆ. ಬರುವುದಿಲ್ಲ ಎಂದೆ. ಅವರು ಮುಖ ಮುಖ ನೋಡಿಕೊಂಡರು. ಏನು ಅಂದುಕೊಂಡರೋ, ಅಂದುಕೊಳ್ಳಲಿ. ಬಿಳಿ ಬಟ್ಟೆ ಹೊದಿಸುವ ಮೊದಲು ಒಬ್ಬಳೇ ಒಳಗೆ ಹೋಗಿ ಬೆರಳನ್ನು ಅವಳ ಮೂಗಿನ ಹತ್ತಿರ ಹಿಡಿದೆ. ತುಂಬ ಹೊತ್ತು ಹಿಡಿದೆ.

ಗಂಡಸರು ಹೊತ್ತುಕೊಂಡು ಹೋದರು. ನಾನು ಮನೆಗೆ ಬಂದೆ. ಮಧ್ಯಾಹ್ನದ ಮೇಲಿನ ನಮಾಜು ತಪ್ಪಿತು, ಎಂದೂ ತಪ್ಪಿಸಿದವಳಲ್ಲ. ಬೆರಳಲ್ಲಿ ಮಜ್ಜೆ ಒಣಗಿದೆ. ಮೂಸಿದರೆ ಜೀರಿಗೆ ಇನ್ನೂ ಇದೆ. ಏಲಕ್ಕಿ ಆಗಲೇ ಇಲ್ಲ.

ಮಸೀದಿಯಿಂದ ಸಂಜೆಯ ಮಗ್ರಿಬ್ ನಮಾಜಿನ ಕರೆ ಶುರುವಾಯಿತು. ಹೋದನ್ ಬಾಗಿಲಲ್ಲಿ ನೀರಿನ ಚೊಂಬು ಇಟ್ಟು ಹೋಗಿದ್ದಾಳೆ. ಅಂಬರೊಗಾಗಿ ಪ್ರಾರ್ಥನೆ ಮಾಡಬೇಕು. ಮಾಡಬೇಕಾದರೆ ಕೈ ತೊಳೆಯಲೇಬೇಕು. ತೊಳೆದರೆ…